ಕಾಸಾ ಸಿರಿಲೊದ ಹುಳಿ ರೊಟ್ಟಿ

ಹೋದ ತಿಂಗಳು ರಕ್ತ ಪರೀಕ್ಷೆಗೆಂದು ಇಲ್ಲೇ ನೈರೋಬಿಯ ಅಪ್ಪರ್ ಹಿಲ್‌ನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಬರಿಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಲಿಫ್ಟಿನಲ್ಲಿ ಪಕ್ಕಕ್ಕೆ ನಿಂತಿದ್ದ ಹುಡುಗಿಯ ಕೈಯಲ್ಲೊಂದು ಕಾಗದದ ಪೊಟ್ಟಣವಿತ್ತು. ಬಾಗಿಲು ಮುಚ್ಚಿಕೊಂಡಿದ್ದೇ ತಡ, ಅದರೊಳಗಿಂದ ಬಿಸಿ ಮೆಕ್ಕೆಜೋಳದ ವಾಸನೆ, ಅದರ ಬೆನ್ನಿಗೇ ನಿಂಬೆಹುಳಿಯ ವಾಸನೆ ಬಂತು. ಹಸಿದವನ ಬಾಯಲ್ಲಿ ನೀರೂರಬೇಕಿತ್ತು. ನನಗೆ ಸಿಟ್ಟು ಬಂತು. ಇಷ್ಟು ವರ್ಷವಾದರೂ ಆರಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು. ಕೆಳಗೆ ನರ್ಸಮ್ಮ ಬಿ.ಪಿ. ನೋಡಿ, "ಮ್ವಾಲಿಮು, ಯಾರ ಜೊತೆ ಜಗಳ ಮಾಡಿ ಬಂದ್ರಿ?" ಎಂದು ಕೇಳಿದಳು. ಮ್ವಾಲಿಮು ಅಂದರೆ ಮೇಷ್ಟ್ರು. ಒಂದು ರೊಟ್ಟಿಯ ಜೊತೆ ಅಂತ ಅವಳಿಗೆ ಹೇಗೆ ಹೇಳುವುದು?

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇದೇ ಊರಿನ ಪಂಗಾನಿಯ ಶಾಲೆಯೊಂದರಲ್ಲಿ ನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದ್ದ ನನಗೆ, ಇನ್ನು ನೀವು ಬೇಡ ಎಂದು ಹೇಳಿಬಿಟ್ಟಿದ್ದರು. ಲೆಕ್ಕದ ಮೇಷ್ಟ್ರಿಗೇ ನನ್ನ ಪಾಠವನ್ನೂ ಒಪ್ಪಿಸಿದರಂತೆ. ಆಗಸ್ಟ್ ಕೊನೆಗೆ ನನ್ನ ಕೆಲಸದ ಪರ್ಮಿಟ್ ಮುಗಿಯುತ್ತಿತ್ತು. ಅಷ್ಟರೊಳಗೆ ಯಾರಾದರೂ 'ಈತ ನಮಗೆ ಬೇಕು' ಎಂದು ಕಾಗದ ಬರೆದು ಸಹಿ ಹಾಕಿಕೊಡದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು.

ಊರಿಗೆ ವಾಪಸ್ಸು ಹೋಗುವುದೆಂದರೆ ನನಗೆ ಬರೀ ವಿಮಾನ ಹತ್ತುವ ಮಾತಾಗಿರಲಿಲ್ಲ. ನಾವು ಹೊಸದುರ್ಗದ ಕಡೆಯವರು, ಸುಣ್ಣ ಸುಡುವ ಮನೆತನ. ಅಪ್ಪ ಗೂಡಿಗೆ ಕಲ್ಲು, ಇದ್ದಿಲು ಪೇರಿಸಿ ಬೆಂಕಿ ಕೊಡುತ್ತಿದ್ದ. ಅಮ್ಮ ಸುಟ್ಟ ಸುಣ್ಣವನ್ನು ಬುಟ್ಟಿಯಲ್ಲಿ ಹೊತ್ತು ಊರೂರು ಮಾರುತ್ತಿದ್ದಳು. ಮನೆಯಲ್ಲಿ ಎಲ್ಲರ ಅಂಗೈಯೂ ಬಿರುಕು ಬಿಟ್ಟಿತ್ತು. ಆ ಮನೆಯಿಂದ ಹಾಸ್ಟೆಲ್ ಅನ್ನ ಉಂಡು, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಲೇಜಿನ ಮೊದಲ ವರ್ಷ ಲೆಕ್ಚರರು ಬೋರ್ಡಿನ ಮೇಲೆ ಸುಣ್ಣದ ಸೂತ್ರ ಬರೆದಾಗ, ಇಡೀ ತರಗತಿಯಲ್ಲಿ ಅದರ ಬಿಸಿ ಕೈಗೆ ತಾಗಿದ್ದು ಎಷ್ಟು ಮಂದಿಗೆ ಎಂದು ತಿರುಗಿ ನೋಡಿದ್ದೆ. ಇಂಥವನು ಪರ್ಮಿಟ್ ಸಿಗದೆ ವಾಪಸ್ಸು ಬಂದ ಎಂದರೆ ನಮ್ಮ ಬೀದಿಯಲ್ಲಿ ಇನ್ನೊಬ್ಬ ಹುಡುಗನನ್ನು ಓದಿಸುವವರಿಗೆ ಧೈರ್ಯ ಎಲ್ಲಿಂದ ಬರಬೇಕು?

ಯುಗಾದಿಗೆ ನೈರೋಬಿಯ ಕನ್ನಡದವರೆಲ್ಲ ಸೇರಿ ಊಟ ಹಾಕಿಸುತ್ತಿದ್ದರು. ಅಲ್ಲಿ ಸಿರಿಲ್‌ಬಾಬ್ ನನ್ನ ಪಕ್ಕದ ಎಲೆಗೆ ಕೂತರು. ಮಂಗಳೂರಿನ ಕೆಥೋಲಿಕರು, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ತುಳು, ಸ್ವಾಹಿಲಿ, ಎಲ್ಲವೂ. ಪಂಗಾನಿ, ನ್ಗಾರಾ, ಲ್ಯಾವಿಂಗ್ಟನ್, ಹೀಗೆ ಮೂರು ಕಡೆ ಅವರ 'ಕಾಸಾ ಸಿರಿಲೊ' ಇತ್ತು. ಬೋರ್ಡಿನ ಮೇಲೆ ದೊಡ್ಡ ಟೋಪಿಯ ಮೀಸೆಗಾರ, ಒಳಗೆ ಮೆಕ್ಸಿಕೋ ಊಟ. ಊಟ ಎಂದರೆ ಮೆಕ್ಕೆಜೋಳದ ತೆಳ್ಳನೆ ರೊಟ್ಟಿ, ಅದರೊಳಗೆ ಬೇಯಿಸಿ ಕಿವುಚಿದ ಕಾಳು ಇಲ್ಲವೇ ಕೋಳಿ, ಮೇಲೆ ಈರುಳ್ಳಿ-ಟೊಮೆಟೊ ಹೆಚ್ಚಿದ ಕಚುಂಬರಿ. ಕಾಸಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮನೆ ಎಂದು ಸಿರಿಲ್‌ಬಾಬ್ ಎಷ್ಟು ಸಲ ಹೇಳಿದರೂ ನಮ್ಮವರು ಕೇಳುತ್ತಿರಲಿಲ್ಲ. "ನಿನ್ನೆ ಎಲ್ಲಿ ಊಟ?" ಎಂದರೆ "ಕಸದಲ್ಲಿ" ಎಂದು ನಗುತ್ತಿದ್ದರು.

"ಮಾಷ್ಟ್ರೆ, ನಿಮಗೆ ಕೆಮಿಸ್ಟ್ರಿ ಬರ್ತದೆ, ಬರೀಲಿಕ್ಕೂ ಬರ್ತದೆ. ನನಗೆ ಎರಡೂ ಬೇಕು ಮಾರಾಯ್ರೆ," ಅಂದರು ಸಿರಿಲ್‌ಬಾಬ್, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ. "ನಮ್ಮ ರೊಟ್ಟಿ ಮಡಚಿದ್ರೆ ಫಟ್ ಅಂತ ಒಡೀತದೆ. ಒಂದು ಅಂಗಡಿಯಲ್ಲಿ ಒಂದು ಥರ. ಅದನ್ನು ಸರಿ ಮಾಡಿ. ಮತ್ತೆ ಆಗಸ್ಟಲ್ಲಿ ನಮಗೆ ಹತ್ತು ವರ್ಷ ಆಗ್ತದೆ, ಅಪ್ಪರ್ ಹಿಲ್ಲಲ್ಲಿ ನಾಲ್ಕನೇದು ತೆರೀತೇನೆ. ಒಂದು ಚಿಕ್ಕ ಪುಸ್ತಕ ಮಾಡುವ, ನಮ್ಮ ಹಿಸ್ಟ್ರಿ. ಇಂಗ್ಲಿಷಲ್ಲಿ. ಪರ್ಮಿಟ್ಟಿನ ಕಾಗದ ನನಗೆ ಬಿಡಿ."

ಮರುದಿನದಿಂದಲೇ ಹೋದೆ. ದೊಡ್ಡ ಮಳೆ ಹಿಡಿದಿತ್ತು. ಬೆಳಿಗ್ಗೆ ಮಟಾಟು ವ್ಯಾನು ಇಳಿದರೆ ಪಂಗಾನಿಯ ಕೆಂಪು ಕೆಸರು ಪ್ಯಾಂಟಿನ ಮಂಡಿಯವರೆಗೆ ಹಾರುತ್ತಿತ್ತು. ಅಲ್ಲಿನ ಅಡುಗೆಮನೆಯೇ ಕಾಸಾದ ಮೂಲಸ್ಥಾನ, ಅಚಿಯೆಂಗ್ ಅಮ್ಮನೇ ಅದರ ಯಜಮಾನಿ. ವಿಕ್ಟೋರಿಯಾ ಸರೋವರದ ಕಡೆಯವಳು, ಅಂಗಡಿ ತೆರೆದ ದಿನದಿಂದ ಇದ್ದವಳು. ಎಲ್ಲರಂತೆ ನಾನೂ ಅವಳನ್ನು ಮಾಮಾ ಅಚಿಯೆಂಗ್ ಎಂದೇ ಕರೆದೆ. ನಾವು ಮಾತಾಡುತ್ತಿದ್ದುದು ಸ್ವಾಹಿಲಿಯಲ್ಲಿ.

ಮೂಲೆಯಲ್ಲಿ ನೀಲಿ ಡ್ರಮ್ಮು. ಅದರಲ್ಲಿ ನೆನೆಹಾಕಿದ ಬಿಳಿ ಮೆಕ್ಕೆಜೋಳ. ಮೇಲೆ ತೇಲುತ್ತಿದ್ದುದು ಹಿಂಡಿ ಬಿಸಾಡಿದ ನಿಂಬೆಹಣ್ಣಿನ ಹೋಳುಗಳು, ನೂರಾರು.

"ಇದೇನು ಮಾಮಾ?"

"ನ್ದಿಮು," ಅಂದಳು. ನಿಂಬೆ. "ಮ್ವಾಲಿಮುಗೆ ನ್ದಿಮು ಗೊತ್ತಿಲ್ವಾ?"

"ಗೊತ್ತು. ಜೋಳಕ್ಕೆ ಯಾಕೆ?"

"ಬಾಬ್ ಹೇಳಿದ್ದು. ಮೆಕ್ಸಿಕೋದ ಪದ್ಧತಿಯಂತೆ. ಹತ್ತು ವರ್ಷದಿಂದ ಹಿಂಡ್ತಿದ್ದೀನಿ, ನನ್ನ ಉಗುರಿನ ಸಂದಿಯ ಉರಿ ಮೆಕ್ಸಿಕೋದವರಿಗೆ ತಲುಪಲಿ."

ಹುಳಿನೀರಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸಿದ ಜೋಳವನ್ನು ಬೆಳಿಗ್ಗೆ ರುಬ್ಬುತ್ತಿದ್ದರು. ಹಿಟ್ಟು ಅಂಟಿಕೊಳ್ಳುತ್ತಿರಲಿಲ್ಲ, ಅದಕ್ಕೆ ಮೈದಾ ಸುರಿಯುತ್ತಿದ್ದರು. ಮೈದಾ ಎಷ್ಟು ಎಂಬುದು ಆಯಾ ಅಂಗಡಿಯವರ ಇಷ್ಟ. ಹಾಗಾಗಿ ಒಂದೊಂದು ಕಡೆ ಒಂದೊಂದು ಥರ, ಮತ್ತು ಎಲ್ಲಾ ಕಡೆಯೂ ಹುಳಿ. ಮೆನುವಿನಲ್ಲಿ ಟೋರ್ಟಿಯಾ ಎಂದು ಬರೆದಿದ್ದರೂ ಗಿರಾಕಿಗಳು ಕೇಳುತ್ತಿದ್ದುದು 'ನಿಂಬೆ ಚಪಾತಿ'.

ಈ ಪದ್ಧತಿ ಎಲ್ಲಿಂದ ಬಂತು? ಹಿಸ್ಟ್ರಿ ಬರೆಯುವವನಾದ್ದರಿಂದ ಕೇಳುವ ಹಕ್ಕು ನನಗಿತ್ತು. ಸಿರಿಲ್‌ಬಾಬ್ ಬೀರುವಿನಿಂದ ಒಂದು ಪತ್ರ ತೆಗೆದು ತೋರಿಸಿದರು. ಅವರ ಅಕ್ಕ ಸಿಸ್ಟರ್ ಬೆನೆಡಿಕ್ಟಾ ಮೆಕ್ಸಿಕೋದ ಒಂದು ಕಾನ್ವೆಂಟಿನಲ್ಲಿದ್ದರು. ಪಂಗಾನಿಯಲ್ಲಿ ಚಹಾದಂಗಡಿ ಇಟ್ಟು ಸೋಲುತ್ತಿದ್ದ ತಮ್ಮನಿಗೆ, ಇಲ್ಲಿಯ ಜನರಿಗೂ ನಿಮ್ಮಲ್ಲಿಯ ಜನರಂತೆ ಜೋಳವೇ ಅನ್ನ, ಇದನ್ನು ಮಾಡಿ ನೋಡು, ಎಂದು ಬರೆದಿದ್ದರು. ಪತ್ರ ಕೊಂಕಣಿ, ಅಕ್ಷರ ಕನ್ನಡದ್ದು. ಮಾಡುವ ಕ್ರಮವನ್ನು ಮಾತ್ರ ಯಾವುದೋ ಇಂಗ್ಲಿಷ್ ಕಾಗದದಿಂದ ಹಾಗೆಯೇ ಇಳಿಸಿದ್ದರು. ಮೂರನೆಯ ಸಾಲಿನಲ್ಲಿತ್ತು: ಜೋಳವನ್ನು ಲೈಮ್ ವಾಟರ್‌ನಲ್ಲಿ ಬೇಯಿಸಿ ರಾತ್ರಿಯಿಡೀ ಬಿಡಬೇಕು.

ಲೈಮ್!

ನನಗೆ ನಿಂತಲ್ಲೇ ನಗು ಬಂತು. ಕನ್ನಡದಲ್ಲಿ ಸುಣ್ಣ ಬೇರೆ, ನಿಂಬೆ ಬೇರೆ. ಕೊಂಕಣಿಯಲ್ಲಿ ಚುನೊ ಬೇರೆ, ಲಿಂಬೊ ಬೇರೆ. ಸ್ವಾಹಿಲಿಯಲ್ಲಿ ಚೊಕಾ ಬೇರೆ, ನ್ದಿಮು ಬೇರೆ. ಇಂಗ್ಲಿಷಿನಲ್ಲಿ ಮಾತ್ರ ಎರಡಕ್ಕೂ ಒಂದೇ ಪದ. ಆ ಒಂದು ಪದವನ್ನು ಸಿಸ್ಟರ್ ಕೊಂಕಣಿಗೆ ತಿರುಗಿಸಿ ಬರೆದಿದ್ದರೆ ಹತ್ತು ವರ್ಷ ಯಾರೂ ನಿಂಬೆ ಹಿಂಡಬೇಕಿರಲಿಲ್ಲ. ಸುಣ್ಣದ ನೀರಲ್ಲಿ ಬೆಂದರೆ ಜೋಳದ ಸಿಪ್ಪೆ ಕಳಚಿ ಬರುತ್ತದೆ, ಹಿಟ್ಟು ಅಂಟಾಗುತ್ತದೆ, ಮೈದಾ ಬೇಡವೇ ಬೇಡ. ಇದಕ್ಕೆ ಬಿ.ಎಸ್ಸಿ.ಯೂ ಬೇಕು, ಸುಣ್ಣದ ಗೂಡಿನ ಪಕ್ಕ ಬೆಳೆದಿರಲೂಬೇಕು. ಎರಡೂ ಇದ್ದವನು ನೈರೋಬಿಯಲ್ಲಿ ಒಬ್ಬನೇ ಇದ್ದ. ಪರ್ಮಿಟ್ ಸಿಕ್ಕೇಬಿಟ್ಟಿತು ಅಂದುಕೊಂಡೆ.

ಭಾನುವಾರ ಲ್ಯಾವಿಂಗ್ಟನ್ನಿನ ಅವರ ಮನೆಗೆ ಹೋದೆ. ಇಗರ್ಜಿಯಿಂದ ಆಗಷ್ಟೇ ಬಂದಿದ್ದರು. ಸಿರಿಲ್‌ಬಾಬ್ ಅವರ ಹೆಂಡತಿ ಲೂಸಿ ಬಾಯಮ್ಮ ಚಹಾ ತಂದಿಟ್ಟರು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ, ಕಾಗದದ ಮೇಲೆ ಸೂತ್ರ ಕೂಡ ಬರೆದು ತೋರಿಸಿದೆ. ಸಿರಿಲ್‌ಬಾಬ್ ಮುಖ ಸಣ್ಣಗಾಯಿತು.

"ಎಂತ ಸುಣ್ಣ? ಗೋಡೆಗೆ ಬಳಿಯುದಾ?"

"ಎಲೆಗೆ ಹಚ್ಚಲ್ವಾ ಸಾರ್? ಅದೇ."

"ಅದು ಉಗುಳ್ಲಿಕ್ಕೆ ಮಾಷ್ಟ್ರೆ. ಇದು ನುಂಗ್ಲಿಕ್ಕೆ."

"ಸಾರ್, ಇದು ಕೆಮಿಸ್ಟ್ರಿ. ನಾನು ಓದಿದ್ದೇ ಇದನ್ನ."

ಅವರು ನಕ್ಕರು. "ನಿಮ್ಮ ತಂದೆಯವರು ಎಂತ ಮಾಡ್ಕೊಂಡಿದ್ರು ಅಂದ್ರಿ? ಹಾಂ, ನೋಡಿ. ಅದಕ್ಕೇ ನಿಮಗೆ ಎಲ್ಲಾ ಕಡೆ ಸುಣ್ಣವೇ ಕಾಣುದು."

"ಎಂತ ಮಾತಾಡ್ತೀರಿ ನೀವು?" ಎಂದು ಬಾಯಮ್ಮ ಗಂಡನನ್ನು ಗದರಿದರು. "ಮಾಷ್ಟ್ರೆ, ಚಾ ತಣೀತದೆ, ಕುಡೀರಿ."

ಕುಡಿದೆ. ಅದು ನನ್ನ ತಪ್ಪು, ಕುಡಿಯಬಾರದಿತ್ತು. ಲೋಟ ಕೆಳಗಿಟ್ಟು, ನಮ್ಮಪ್ಪ ಸುಟ್ಟ ಸುಣ್ಣದಲ್ಲಿ ಕಟ್ಟಿದ ಗೋಡೆಗಳು ಇನ್ನೂ ನಿಂತಿವೆ, ನಿಮ್ಮ ರೊಟ್ಟಿ ಮಡಚುವವರೆಗೂ ನಿಲ್ಲುವುದಿಲ್ಲ ಎಂದು ಹೇಳಬೇಕಿತ್ತು. ಈ ಮಾತು ಹೊಳೆದದ್ದು ಮಳೆಯಲ್ಲಿ ಮಟಾಟು ಕಾಯುತ್ತ ನಿಂತಾಗ. ಹೊರಡುವ ಮುಂಚೆ ಸಿರಿಲ್‌ಬಾಬ್ ಅಂದದ್ದು ಇಷ್ಟು: "ಸಿಸ್ಟರಿಗೆ ಬರೀತೇನೆ. ಉತ್ತರ ಬರ್ಲಿ. ಅಲ್ಲಿವರೆಗೆ ನೀವು ಹಿಸ್ಟ್ರಿ ಬರೀರಿ."

ಉತ್ತರಕ್ಕೆ ಏಳು ವಾರ ಹಿಡಿಯಿತು. ನಾನು ಸುಮ್ಮನೆ ಕೂರಲಿಲ್ಲ. ನ್ಗಾರಾದ ಪಾನ್ ಅಂಗಡಿಯಿಂದ ತಿನ್ನುವ ಸುಣ್ಣ ತಂದೆ. ಮಾಮಾ ಅಚಿಯೆಂಗ್ ಡಬ್ಬಿ ಮೂಸಿ ನೋಡಿದಳು.

"ಚೊಕಾ? ಇದನ್ನು ಹಾಕಿದರೆ ಏನಾಗತ್ತೆ?"

"ಸಿಪ್ಪೆ ಬಿಡತ್ತೆ, ಕಾಳು ಮೆತ್ತಗಾಗತ್ತೆ."

"ಓ, ಮಗಾಡಿ ಥರ!" ಅಂದಳು. ಅವಳ ಊರಲ್ಲಿ ಸೊಪ್ಪು, ಕಾಳು ಬೇಗ ಬೇಯಲೆಂದು ಮಗಾಡಿ ಎಂಬ ಕ್ಷಾರದ ಉಪ್ಪನ್ನು ಚಿಟಿಕೆ ಹಾಕುತ್ತಾರೆ. "ಇದನ್ನು ಹೇಳಲಿಕ್ಕೆ ಅಷ್ಟು ದೊಡ್ಡ ಕಾಗದ ಯಾಕೆ ಬರೆದೆ ಮ್ವಾಲಿಮು?"

ಅವಳಿಗೂ ತೋರಿಸಿದ್ದ ಸೂತ್ರದ ಕಾಗದವನ್ನು ಮಡಚಿ ಜೇಬಿಗಿಟ್ಟೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಅರೆನಿಮಿಷದಲ್ಲಿ ತಿಳಿದದ್ದು, ಮೂರು ಅಂಗಡಿಯ ಧಣಿಗೆ ತಿಳಿಯಲು ಏಳು ವಾರವೂ ಒಬ್ಬ ಸಿಸ್ಟರೂ ಬೇಕಾಯಿತು.

ಜೋಳ ಬೇಯಿಸಿ, ನೆನೆಯಲು ಬಿಟ್ಟು, ಮರುದಿನ ನಾಲ್ಕು ನೀರಲ್ಲಿ ತೊಳೆದೆವು. ಸಿಪ್ಪೆ ಹಾವಿನ ಪೊರೆಯಂತೆ ಜಾರಿ ಹೋಯಿತು. ಲೂಸಿ ಬಾಯಮ್ಮ ಯಾವಾಗಲೋ ಪಂಗಾನಿಗೆ ಕಳಿಸಿದ್ದ ರುಬ್ಬುವ ಕಲ್ಲಿನಲ್ಲಿ ರುಬ್ಬಿದೆವು. ಹಿಟ್ಟು ಮುದ್ದೆಯಾಗಿ ಕೈಗೆ ಬಂತು. ಕಾವಲಿಯ ಮೇಲೆ ರೊಟ್ಟಿ ಉಬ್ಬಿತು. ನಾನು ಅದನ್ನು ಎರಡು ಮಡಿಕೆ ಮಾಡಿದೆ, ನಾಲ್ಕು ಮಾಡಿದೆ, ಕರವಸ್ತ್ರದಂತೆ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಓಡಾಡಿದೆ. ಒಡೆಯಲಿಲ್ಲ.

ಮಾಮಾ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು. "ಚೆನ್ನಾಗಿದೆ," ಅಂದಳು. ಸ್ವಲ್ಪ ತಡೆದು, "ಆದರೆ ಇದು ಬೇರೆ ರೊಟ್ಟಿ," ಅಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್ ಮುಗಿದು ಚಳಿಯ ಮಂಕು ಕವಿದಿತ್ತು, ಆಗ ಸಿಸ್ಟರ್ ಪತ್ರ ಬಂತು. ಸಿರಿಲ್‌ಬಾಬ್ ಗಟ್ಟಿಯಾಗಿ ಓದಿದರು, ಓದುತ್ತ ಓದುತ್ತ ಧ್ವನಿ ತಗ್ಗಿತು. 'ಚುನೊ ರೇ ಪಿಶ್ಯಾ, ಚುನೊ!' ಎಂದು ಶುರುವಾಗಿತ್ತು. ಸುಣ್ಣ ಕಣೋ ಹುಚ್ಚ, ಸುಣ್ಣ! ಇಷ್ಟು ವರ್ಷ ನಿಂಬೆ ಹಿಂಡಿದೆಯಾ, ಇಲ್ಲಿಯ ಸಿಸ್ಟರುಗಳಿಗೆಲ್ಲ ಹೇಳಿದೆ, ಊಟದ ಮನೆಯಲ್ಲಿ ಯಾರೂ ಒಂದು ತುತ್ತು ನುಂಗಲಾಗದ ಹಾಗೆ ನಕ್ಕರು, ಎಂದಿತ್ತು.

"ಸರಿ ಮಾಷ್ಟ್ರೆ," ಅಂದರು ಸಿರಿಲ್‌ಬಾಬ್. ಅಪ್ಪನ ಮೇಲೆ ಆಡಿದ ಮಾತಿಗೆ ಏನೂ ಅನ್ನಲಿಲ್ಲ. "ಅಪ್ಪರ್ ಹಿಲ್ಲಲ್ಲಿ ನಿಮ್ಮ ಸುಣ್ಣದ್ದೇ ಮಾಡುವ."

ಆಗಸ್ಟ್ ಮೊದಲ ವಾರ ಅಂಗಡಿ ತೆರೆಯಿತು. ಅಪ್ಪರ್ ಹಿಲ್‌ನಲ್ಲಿ ಆಗ ಹಳೆಯ ಬಂಗಲೆಗಳ ನಡುವೆ ಆಫೀಸು ಕಟ್ಟಡಗಳು ಏಳುತ್ತಿದ್ದವು. ಬ್ಯಾಂಕಿನವರು, ಆಸ್ಪತ್ರೆಯವರು ಸಾಲಾಗಿ ನಿಂತರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಲ್ಲಾದ ಪಕ್ಕ ನಿಂತಿದ್ದೆ. ಮೊದಲ ಗಿರಾಕಿ ಪಂಗಾನಿಯ ಹಳಬ, ಈಗ ಇಲ್ಲಿ ಬ್ಯಾಂಕಿನಲ್ಲಿ ಗುಮಾಸ್ತ. ಒಂದು ತುತ್ತು ತಿಂದವನು ರೊಟ್ಟಿ ಬಿಡಿಸಿ ಒಳಗೆ ನೋಡಿದ.

"ನ್ದಿಮು ಎಲ್ಲಿ?"

"ಅದು ತಪ್ಪಾಗಿತ್ತು. ಇದೇ ಸರಿಯಾದ್ದು," ಅಂದೆ.

"ಹತ್ತು ವರ್ಷ ನಾನು ತಪ್ಪು ತಿಂದೆನಾ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಬೇಜಾರಾಗಿ.

ಅವತ್ತೇ ನಮ್ಮ ಕನ್ನಡದ ಡಾಕ್ಟರೊಬ್ಬರು ಸಂಸಾರ ಸಮೇತ ಬಂದರು. "ಏನ್ ಮೇಷ್ಟ್ರೇ, ಕಸದ ರುಚಿನೇ ಹೋಯ್ತಲ್ರೀ! ಒಳ್ಳೆ ಕಸ ಆಗಿತ್ತು, ಗುಡಿಸಿಬಿಟ್ರಿ," ಎಂದು ತಾವೇ ನಕ್ಕರು. ಸಿರಿಲ್‌ಬಾಬ್ ತಮ್ಮ ಮಗಳಿಗೆ, ಹೇಗಿದೆ ಎಂದು ಕೊಂಕಣಿಯಲ್ಲಿ ಕೇಳಿದರು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಹುಡುಗಿ ಅವಳು, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು: "ಇಟ್ ಸ್ಮೆಲ್ಸ್ ಲೈಕ್ ಅ ವೆಟ್ ವಾಲ್, ಡ್ಯಾಡಿ."

ನಾನು ಒಬ್ಬೊಬ್ಬರಿಗೂ ವಿವರಿಸಿದೆ. ಇಡೀ ಮೆಕ್ಸಿಕೋ ಹೀಗೇ ತಿನ್ನುತ್ತದೆ ಅಂದೆ. ತಿನ್ನುವವರಿಗೆ ಮೆಕ್ಸಿಕೋ ಬೇಕಾಗಿರಲಿಲ್ಲ. ಅವರಿಗೆ ಪಂಗಾನಿ ಬೇಕಾಗಿತ್ತು. ಎರಡನೆಯ ವಾರ ಸಾಲು ಅರ್ಧವಾಯಿತು. ಆ ವಾರದ ಕೊನೆಗೆ ನೋಡಿದರೆ ಗಿರಾಕಿಗಳೇ ಮನೆಯಿಂದ ನಿಂಬೆಹಣ್ಣು ತಂದು, ನನ್ನ ಕಣ್ಣೆದುರೇ ರೊಟ್ಟಿಯ ಮೇಲೆ ಹಿಂಡಿಕೊಳ್ಳುತ್ತಿದ್ದರು.

ಸಿರಿಲ್‌ಬಾಬ್ ನನ್ನನ್ನು ಕರೆದು ಕೂರಿಸಿದರು. "ನೀವು ಸರಿ, ಸಿಸ್ಟರ್ ಸರಿ, ಕೆಮಿಸ್ಟ್ರಿ ಸರಿ. ಆದ್ರೆ ಜನ ಬೇರೆ ಕೇಳ್ತಾರಲ್ಲ ಮಾರಾಯ್ರೆ? ನಾಳೆಯಿಂದ ಮಾಮಾನ ಡ್ರಮ್ಮು ಇಲ್ಲಿಗೂ ಬರ್ಲಿ. ಮೈದಾ ಎಷ್ಟು ಅಂತ ಮಾತ್ರ ನೀವು ಅಳೆದು ಕೊಡಿ, ಎಲ್ಲಾ ಕಡೆ ಒಂದೇ ಥರ ಆಗ್ಬೇಕು."

ಜನ ಒಲ್ಲೆ ಅಂದದ್ದನ್ನು ಅವರ ಬಾಯಿಗೆ ತುರುಕಲು ಯಾವ ಡಿಗ್ರಿಗೂ ಆಗುವುದಿಲ್ಲ. ಅದು ಅರ್ಥವಾಗುತ್ತಿತ್ತು. ಅರ್ಥವಾದರೆ ಸಿಟ್ಟು ಇಳಿಯಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇನ್ನು ಉಳಿದದ್ದು ಹಿಸ್ಟ್ರಿ. ಅದನ್ನಾದರೂ ನೆಟ್ಟಗೆ ಬರೆಯೋಣ ಎಂದು ಕೂತೆ. ಒಂದು ಇಂಗ್ಲಿಷ್ ಪದದ ತಪ್ಪಿನಿಂದ ಪಂಗಾನಿಯಲ್ಲಿ ಒಂದು ಹೊಸ ರೊಟ್ಟಿ ಹುಟ್ಟಿದ್ದು, ಮಾಮಾ ಅಚಿಯೆಂಗ್‌ಳ ಕೈ, ಸಿಸ್ಟರ್ ಪತ್ರ, ಸುಣ್ಣದಿಂದ ಮಾಡಿ ನೋಡಿದ್ದು, ಜನ ಬೇಡ ಅಂದದ್ದು, ಎಲ್ಲವನ್ನೂ ಬರೆದೆ. ಈಗಲೂ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಕಥೆ ಆ ಅಂಗಡಿಗೆ ಇರಲಿಲ್ಲ.

ಸಿರಿಲ್‌ಬಾಬ್ ಓದಿ ಮೇಜಿನ ಮೇಲಿಟ್ಟರು. "ಇದನ್ನು ಹಾಕಿದ್ರೆ ನಾನು ಹತ್ತು ವರ್ಷ ಪೆದ್ದ ಆಗಿದ್ದೆ ಅಂತ ಬರೆದ ಹಾಗೆ."

"ಇಲ್ಲ ಸಾರ್. ಹೊಸದು ಕಂಡುಹಿಡಿದ್ರಿ ಅಂತ ಬರೆದಿದ್ದೀನಿ."

"ಪುರಾತನ ಮೆಕ್ಸಿಕನ್ ಪದ್ಧತಿ ಅಂತ ಒಂದು ಸಾಲು ಬರೀರಿ, ಸಾಕು."

"ಸುಳ್ಳಾಗುತ್ತೆ ಸಾರ್. ಅದರ ಕೆಳಗೆ ನನ್ನ ಹೆಸರಿರತ್ತೆ."

ಅವರ ಕಣ್ಣು ಮಿನುಗಿತು. "ಲೈಮ್ ಅಂತ ಬರೀರಿ ಮಾಷ್ಟ್ರೆ. ಪುರಾತನ ಪದ್ಧತಿಯ ಪ್ರಕಾರ ಜೋಳವನ್ನು ಲೈಮಲ್ಲಿ ನೆನೆಸ್ತೇವೆ. ಎಂತ ಸುಳ್ಳು ಉಂಟು ಅದ್ರಲ್ಲಿ? ನೀವು ಸುಣ್ಣ ಅಂತ ಓದಿ, ನಾನು ನಿಂಬೆ ಅಂತ ಓದ್ತೇನೆ."

ಪರ್ಮಿಟ್ ಮುಗಿಯಲು ಹತ್ತು ದಿನವಿತ್ತು. ನಾನು ರೂಮಿಗೆ ಹೋಗಿ ಆ ವಾಕ್ಯ ಬರೆದೆ. ಹತ್ತು ಸಲ ಓದಿದೆ. ಒಂದು ಕಡೆಯಿಂದ ನೋಡಿದರೆ ನಿಜ, ಇನ್ನೊಂದು ಕಡೆಯಿಂದ ನೋಡಿದರೂ ಅರ್ಧ ನಿಜ. ರಸಾಯನಶಾಸ್ತ್ರ ಬಲ್ಲವರು ಯಾರಾದರೂ ಓದಿದರೆ ಅವರಿಗೆ ಸುಣ್ಣವೇ ಕಾಣುತ್ತದೆ, ನನ್ನ ಮರ್ಯಾದೆ ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ., ಕಂಸದಲ್ಲಿ ರಸಾಯನಶಾಸ್ತ್ರ ಎಂದು ಹಾಕಿ ಅಚ್ಚಿಗೆ ಕೊಟ್ಟೆ.

ಪುಸ್ತಿಕೆ ಬಂದ ದಿನ ಸಿರಿಲ್‌ಬಾಬ್ ಕಟ್ಟು ಬಿಚ್ಚಿ ಮೊದಲ ಪ್ರತಿ ನನ್ನ ಕೈಗೇ ಕೊಟ್ಟರು. ನುಣುಪು ಕಾಗದ, ಒಳ್ಳೆಯ ಅಚ್ಚು. ನನ್ನ ಪುಟ ತೆರೆದೆ. ಅಕ್ಷರದಲ್ಲಿ ಒಂದೂ ತಪ್ಪಿರಲಿಲ್ಲ. ಲೈಮ್ ಎಂಬ ಪದ ಇರುವ ಸಾಲಿಗೂ ನನ್ನ ಹೆಸರಿಗೂ ನಡುವೆ, ಅಂಗೈ ಅಗಲದ ಬಣ್ಣದ ಚಿತ್ರ ಹಾಕಿಸಿದ್ದರು. ಅಡ್ಡಕ್ಕೆ ಕೊಯ್ದ ನಿಂಬೆಹಣ್ಣು, ತೊಟ್ಟಿಕ್ಕುವ ಒಂದು ಹನಿ ರಸ. ಆ ಹನಿ ನೆಟ್ಟಗೆ ನನ್ನ ಬಿ.ಎಸ್ಸಿ. ಮೇಲೆ ಬೀಳುವಂತಿತ್ತು.

"ಚಂದ ಬಂದಿದೆ ಅಲ್ವಾ ಮಾಷ್ಟ್ರೆ?" ಅಂದರು.

ಪರ್ಮಿಟ್ಟಿನ ಕಾಗದ ಅವರ ಮೇಜಿನ ಮೇಲಿತ್ತು. ಇನ್ನೂ ಸಹಿ ಬಿದ್ದಿರಲಿಲ್ಲ.

"ಬಹಳ ಚೆನ್ನಾಗಿದೆ ಸಾರ್," ಅಂದೆ.